ಜರಡಿ ಮನೆತನದ ಐದು ಮಂದಿ

ನಮ್ಮಣ್ಣನಿಗೆ ಜಂಬಪಡಲು ದೇವರು ಹೆಚ್ಚೇನೂ ಕೊಟ್ಟಿರಲಿಲ್ಲ. ಎತ್ತರವಿಲ್ಲ, ಮೂವತ್ತಕ್ಕೇ ತಲೆ ಬೋಳು, ಹಾಡಿದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಇದ್ದದ್ದು ಒಂದೇ, ಮನೆತನದ ಹೆಸರು. ಅದಾದರೂ ಎಂಥ ಹೆಸರು? ಜರಡಿ. ಹೌದು, ಹಿಟ್ಟು ಹಿಡಿಯುವ ಜರಡಿಯೇ. ಶಾಲೆಯಲ್ಲಿ ಹಾಜರಿ ಕರೆಯುವಾಗ ನಮ್ಮ ಹೆಸರು ಬಂದರೆ ಇಡೀ ತರಗತಿ ಕಿಸಕ್ಕನೆ ನಗುತ್ತಿತ್ತು. "ನಿಮ್ಮ ಮನೇಲಿ ಗುಟ್ಟೇನಾದ್ರೂ ನಿಲ್ಲುತ್ತೇನೋ?" ಎಂದು ಮೇಷ್ಟ್ರೇ ಕೇಳಿದ್ದುಂಟು. ನಾನು ಅಳುತ್ತ ಮನೆಗೆ ಬರುತ್ತಿದ್ದೆ. ಅಣ್ಣ ಎದೆ ಸೆಟೆಸಿಕೊಂಡು ಬರುತ್ತಿದ್ದ. "ಆ ಮೇಷ್ಟ್ರ ಹೆಸರು ಬೀದಿಗೆ ಹತ್ತು ಜನಕ್ಕಿದೆ ಕಣೇ. ನಮ್ದು ನಮಗೆ ಮಾತ್ರ," ಎನ್ನುತ್ತಿದ್ದ. ಆಗ ಅವನಿಗೆ ಹತ್ತು ವರ್ಷ. ಎಪ್ಪತ್ತಾದ ಮೇಲೂ ಅದೇ ಮಾತು.

ಅವನ ಕಸುಬೂ ಜರಡಿ ಮಾಡುವುದೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆಯುವ ಅಗಲವಾದ ಕಿಟಕಿ, ಅದರ ಕೆಳಗೆ ಉದ್ದನೆಯ ಬೆಂಚು, ಮೂಲೆಯಲ್ಲಿ ಬಿಸಿನೀರಿನ ತೊಟ್ಟಿ. ತೆಳುವಾದ ಮರದ ಪಟ್ಟಿಯನ್ನು ಆ ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ದುಂಡಗೆ ಬಾಗಿಸಿ ಮೊಳೆ ಹೊಡೆಯಬೇಕು. ಅದರ ಮೇಲೆ ತಂತಿಯ ಬಲೆ ಹಾಸಿ, ಸುತ್ತಲಿಂದ ಎಳೆದು ಹಿಡಿದು, ಇನ್ನೊಂದು ಪಟ್ಟಿಯನ್ನು ಮೇಲಿನಿಂದ ಬಿಗಿಯಾಗಿ ಕೂರಿಸಿದರೆ ಜರಡಿಯಾಯಿತು. ಹೇಳುವುದಕ್ಕೇನು, ಸುಲಭ. ಎಳೆಯುವುದೊಂದು ಕೈ, ಕೂರಿಸುವುದೊಂದು ಕೈ, ಒಂಟಿಯಾಗಿ ಮಾಡುವ ಕೆಲಸವಲ್ಲ ಅದು. ಎಳೆತ ಒಂದು ಕೂದಲಷ್ಟು ಸಡಿಲವಾದರೂ ಬಲೆ ಆರು ತಿಂಗಳಿಗೆ ಜೋಲುತ್ತದೆ. ಆದ್ದರಿಂದ ಅಣ್ಣ ಪ್ರತಿ ಜರಡಿಯನ್ನೂ ಮುಗಿಸಿದ ಮೇಲೆ ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, ಆಮೇಲೆ ಕಿಟಕಿಯ ಬೆಳಕಿಗೆ ಎತ್ತಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಬೇಕರಿಯವರು, ಔಷಧಿ ಪುಡಿ ಮಾಡುವವರು, ಗಾರೆ ಕೆಲಸದವರು ಅವನ ಗಿರಾಕಿಗಳು. ಕಾರ್ಖಾನೆಯ ಪ್ಲಾಸ್ಟಿಕ್ ಜರಡಿ ಅಗ್ಗಕ್ಕೆ ಸಿಗುವ ಈ ಕಾಲದಲ್ಲೂ ಅವರು ಬರುತ್ತಿದ್ದರು ಎಂದರೆ ನಮ್ಮಣ್ಣನ ಕೈ ಎಂಥದ್ದು ಎಂದು ನೀವೇ ತಿಳಿದುಕೊಳ್ಳಿ. ಒಡಹುಟ್ಟಿದವಳು ನಾನು ಹೊಗಳಿದರೆ ಚೆನ್ನಾಗಿರುವುದಿಲ್ಲ.

ಈ ಹೆಸರು ಎಲ್ಲಿಂದ ಬಂತು ಎಂಬುದಕ್ಕೆ ನಮ್ಮ ಮನೆಯಲ್ಲಿ ಎರಡು ಕಥೆ ಇದ್ದವು. ಅಣ್ಣನ ಕಥೆಯಲ್ಲಿ ಒಂದು ಅರಮನೆಯಿತ್ತು. ನಮ್ಮ ಮುತ್ತಾತನ ಮುತ್ತಾತ ಅರಮನೆಯ ಅಡುಗೆಮನೆಗೆ ಜರಡಿ ಮಾಡಿಕೊಟ್ಟನಂತೆ, ಆ ಹಿಟ್ಟಿನ ನಯ ಕಂಡು ದೊರೆ ಮೆಚ್ಚಿ ಬಿರುದಿನ ಹಾಗೆ ಈ ಹೆಸರನ್ನು ಕೊಟ್ಟನಂತೆ. ಯಾವ ಅರಮನೆ, ಯಾವ ದೊರೆ ಎಂದು ಕೇಳಿದರೆ ಅಣ್ಣನಿಗೆ ಕೆಮ್ಮು ಬರುತ್ತಿತ್ತು.

ಅಜ್ಜಿಯ ಕಥೆ ಬೇರೆ. ಊರಿನವರ ಹೆಸರುಗಳನ್ನೆಲ್ಲ ಸರ್ಕಾರದವರು ಮೊದಲ ಸಲ ಬರೆದುಕೊಳ್ಳಲು ಬಂದಾಗ ನಮ್ಮ ಹಿರಿಯನಿಗೆ ಪುಕುಪುಕು ಶುರುವಾಯಿತು. ಬರೆದುಕೊಂಡು ಹೋಗಿ ದಂಡಿಗೆ ಸೇರಿಸಿಬಿಟ್ಟರೆ? ಅಂಗಡಿಯಲ್ಲಿ ಮರಳು ಹಿಡಿಯುವ ದೊಡ್ಡ ಜರಡಿಯೊಂದು ನೇತು ಹಾಕಿತ್ತು. ಈ ಪುಣ್ಯಾತ್ಮ ಅದರ ಹಿಂದೆ ಹೋಗಿ ನಿಂತ. ಅಧಿಕಾರಿ ಒಳಗೆ ಬಂದು, "ಯಾರಿದೀರಿ?" ಎಂದು ಕೇಳಿದ. "ಯಾರೂ ಇಲ್ಲ ಸ್ವಾಮಿ," ಎಂದ ಜರಡಿಯ ಹಿಂದಿನವನು. ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಹೆಸರಿನ ಜಾಗದಲ್ಲಿ 'ಜರಡಿ' ಎಂದು ಬರೆದುಕೊಂಡು ಹೋದ. ಈ ಕಥೆ ಎತ್ತಿದರೆ ಅಣ್ಣ ಊಟ ಬಿಟ್ಟು ಏಳುತ್ತಿದ್ದ. ನನಗಂತೂ ಇದೇ ನಿಜ ಎನ್ನಿಸುತ್ತದೆ, ಯಾಕೆಂದರೆ ಎಲ್ಲರಿಗೂ ಕಾಣುವಂತೆ ನಿಂತು ತಾನು ಕಾಣುತ್ತಿಲ್ಲ ಎಂದುಕೊಳ್ಳುವ ಗುಣ ನಮ್ಮಣ್ಣನಿಗೂ ಚೆನ್ನಾಗಿಯೇ ಬಂದಿತ್ತು.

ಜನಗಣತಿ ಕಚೇರಿಯವರು ಹತ್ತು ವರ್ಷಕ್ಕೊಮ್ಮೆ ಎಣಿಕೆ ಮುಗಿದ ಮೇಲೆ ಒಂದು ದಪ್ಪ ಪುಸ್ತಕ ತರುತ್ತಾರೆ. ದೇಶದಲ್ಲಿ ಯಾವ ಮನೆತನದ ಹೆಸರಿನವರು ಎಷ್ಟು ಮಂದಿ ಎಂಬ ಲೆಕ್ಕ ಅದು. ಬೇರೆಯವರಿಗೆ ಅದು ತಲೆದಿಂಬು, ನಮ್ಮಣ್ಣನಿಗೆ ಪಾರಾಯಣ ಗ್ರಂಥ. ಬೀದಿಯ ಕೊನೆಯ ಲೈಬ್ರರಿಗೆ ಹೋಗಿ ಹಳೆಯ ಪುಸ್ತಕಗಳನ್ನೂ ತೆಗೆಸಿ ನೋಡಿದ್ದ. ತಾತನ ಕಾಲದಲ್ಲಿ ಜರಡಿಯವರು ನೂರಾ ಹತ್ತು ಮಂದಿ. ಅಪ್ಪನ ಕಾಲಕ್ಕೆ ಮೂವತ್ತೆಂಟು. ಕಸುಬು ಬಿಟ್ಟವರು ಹೆಸರನ್ನೂ ಬಿಟ್ಟು, ನಾಲ್ಕು ಜನ ನಗದಂಥ ಹೆಸರು ಇಟ್ಟುಕೊಂಡಿದ್ದರು. ಹೆಣ್ಣುಮಕ್ಕಳು ಮದುವೆಯಾಗಿ ಹೋದರು. ನಮ್ಮಲ್ಲಿ ಒಂದು ಮನೆಗೆ ಒಂದೇ ಹೆಸರು, ಮದುವೆಯಾದವಳು ಗಂಡನ ಹೆಸರಿಗೆ ಸೇರಬೇಕು, ಕಾನೂನೇ ಹಾಗೆ. ಆ ಕಾನೂನು ಬರೆದವನಿಗೆ ಅಕ್ಕತಂಗಿಯರು ಇರಲಿಲ್ಲವೋ ಏನೋ. ನಾನು ಒಬ್ಬ ದರ್ಜಿಯನ್ನು ಮದುವೆಯಾಗಿ, ಬೀದಿಗೆ ಹತ್ತು ಜನಕ್ಕಿರುವ ಹೆಸರಿಗೆ ಸೇರಿದೆ.

ಕಳೆದ ಸಲದ ಪುಸ್ತಕದಲ್ಲಿ ಜರಡಿ ಎಂಬ ಹೆಸರಿನ ಮುಂದೆ 'ಆರು' ಎಂದಿತ್ತು. ಅಣ್ಣ, ಅತ್ತಿಗೆ, ಅವರ ಒಬ್ಬನೇ ಮಗ, ಸೊಸೆ, ಇನ್ನೊಂದು ಊರಿನಲ್ಲಿ ನಮ್ಮ ದೊಡ್ಡಪ್ಪನ ಮಗ, ಅವನ ಹೆಂಡತಿ. ಆ ದೊಡ್ಡಪ್ಪನ ಮಗನಿಗೆ ಮಕ್ಕಳಿಲ್ಲ. ಅಣ್ಣ ಆ ಪುಟವನ್ನು ಗಿರಾಕಿಗಳಿಗೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ. "ಇಡೀ ದೇಶದಲ್ಲಿ ಆರೇ ಜನ ಸ್ವಾಮಿ. ಅದ್ರಲ್ಲಿ ನಾಲ್ಕು ಜನ ಈ ಸೂರಿನ ಕೆಳಗೇ ಇದೀವಿ!"

ಆಮೇಲೆ ಮಗ ಹೋದ. ಅಂಗಡಿಯ ಬೆಂಚಿನ ಮೇಲೆ ತಂದೆಯ ಎದುರಿಗೇ ಬಲೆ ಎಳೆದು ಹಿಡಿದಿದ್ದವನು, ಎದೆ ಒತ್ತಿಕೊಂಡು ಕೂತ. ಅಷ್ಟೇ. ಆಸ್ಪತ್ರೆಯ ಬಾಗಿಲು ಕಾಣುವುದರೊಳಗೆ ಎಲ್ಲ ಮುಗಿದಿತ್ತು. ಅವನನ್ನು ಎತ್ತಿ ಆಡಿಸಿದ ಅತ್ತೆ ನಾನು. ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಸೊಸೆ ತವರಿಗೆ ಹೋಗಲಿಲ್ಲ. ಹೋಗಲು ತವರಿನಲ್ಲಿ ಯಾರೂ ಇರಲಿಲ್ಲ ಎಂಬುದು ಒಂದು ಕಾರಣ, ಈ ಇಬ್ಬರು ಮುದುಕರನ್ನು ಬಿಟ್ಟುಹೋಗಲು ಅವಳಿಗೆ ಮನಸ್ಸು ಬರಲಿಲ್ಲ ಎಂಬುದು ನಿಜವಾದ ಕಾರಣ. ಒಂದು ಬೆಳಿಗ್ಗೆ ಅಣ್ಣ ಬಲೆಯ ತುಂಡನ್ನು ಬೆಂಚಿನ ಮೇಲೆ ಹಾಸಿಕೊಂಡು ಸುಮ್ಮನೆ ಕೂತಿದ್ದ. ಎಳೆಯುವ ಕೈ ಇರಲಿಲ್ಲವಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಬಂದು ಎದುರಿಗೆ ನಿಂತು, "ಎಲ್ಲಿ ಹಿಡೀಬೇಕು ಹೇಳಿ ಮಾವ," ಎಂದಳು. ಮೊದಲ ತಿಂಗಳು ಅಂಗೈಯೆಲ್ಲ ತಂತಿ ಗೀರಿ ರಕ್ತ. ಅತ್ತಿಗೆ ಮುಲಾಮು ಹಚ್ಚುತ್ತ ಅಳುತ್ತಿದ್ದಳು. ಎರಡನೇ ವರ್ಷಕ್ಕೆ ಅವಳ ಎಳೆತ ಮಗನ ಎಳೆತಕ್ಕಿಂತ ಒಂದು ಕೈ ಮೇಲೆ ಎಂದು ಅಣ್ಣನೇ ನನ್ನ ಕಿವಿಯಲ್ಲಿ ಹೇಳಿದ. ಹೇಳಿ, ಸತ್ತ ಮಗನಿಗೆ ಅನ್ಯಾಯ ಮಾಡಿದೆನೇನೋ ಎಂಬಂತೆ ಮುಖ ಚಿಕ್ಕದು ಮಾಡಿಕೊಂಡ.

ಅಣ್ಣನ ಬಾಯಲ್ಲಿ ಈಗ ಆರು ಹೋಗಿ ಐದಾಗಿತ್ತು. ಜೊತೆಗೆ ಒಂದು ಹೊಸ ಚಿಂತೆ. ಐದಕ್ಕಿಂತ ಕಡಿಮೆ ಜನರಿರುವ ಹೆಸರನ್ನು ಆ ಪುಸ್ತಕದಲ್ಲಿ ಬೇರೆಯಾಗಿ ಅಚ್ಚು ಹಾಕುವುದಿಲ್ಲ. ಮೂರು ಮತ್ತೊಂದು ಜನರಿದ್ದರೆ ಯಾರು ಎಲ್ಲಿದ್ದಾರೆಂದು ಯಾರು ಬೇಕಾದರೂ ಪತ್ತೆ ಹಚ್ಚಿಯಾರು, ಅದು ಸರಿಯಲ್ಲ ಎಂದು ಕಚೇರಿಯವರ ನಿಯಮ. "ಐದು ಅಂದ್ರೆ ಕಟ್ಟೆಯ ಅಂಚು," ಎನ್ನುತ್ತಿದ್ದ ಅಣ್ಣ. "ಮುಂದಿನ ಎಣಿಕೆವರೆಗೆ ಯಾರೂ ಸಾಯಕೂಡದು." ದೊಡ್ಡಪ್ಪನ ಮಗನಿಗೆ ನೆಗಡಿಯಾದರೆ ಇಲ್ಲಿಂದ ಫೋನ್ ಮಾಡಿ ಕಷಾಯ ಹೇಳುತ್ತಿದ್ದ. ಅದುವರೆಗೆ ಆ ದಾಯಾದಿಗಳಿಬ್ಬರೂ ಹಾವು ಮುಂಗುಸಿಯ ಹಾಗಿದ್ದವರು. ಫೋನ್ ಇಟ್ಟ ಮೇಲೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು, ಸೊಸೆಯೂ ಸೇರಿ.

ಇಷ್ಟರಲ್ಲಿ ಬೇಕರಿಯವನು ಬರತೊಡಗಿದ. ಎರಡು ಬೀದಿ ಆಚೆ ಅವನ ಅಂಗಡಿ. ನಲವತ್ತರ ಹತ್ತಿರದ ವಯಸ್ಸು, ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯ ಹೊತ್ತು ಮೀರಿಸಿಕೊಂಡವನು. ಹುಬ್ಬಿನ ಮೇಲೆ ಸದಾ ಹಿಟ್ಟು, ಬಾಯಲ್ಲಿ ಮಾತೇ ಇಲ್ಲ. ವರ್ಷಕ್ಕೊಂದು ಜರಡಿ ಒಯ್ಯುತ್ತಿದ್ದವನು ತಿಂಗಳಿಗೊಮ್ಮೆ ಹರಿದ ಜರಡಿ ಹಿಡಿದುಕೊಂಡು ಬರಲಾರಂಭಿಸಿದ. ಬಲೆ ಬದಲಿಸುವವರೆಗೆ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಿದ್ದ. ಹೋಗುವಾಗ ಒಂದು ಬ್ರೆಡ್ಡಿನ ಪೊಟ್ಟಣ ಇಟ್ಟು ಹೋಗುತ್ತಿದ್ದ.

ಅಣ್ಣನಿಗೆ ಇದು ಪ್ರಾಣಸಂಕಟವಾಯಿತು. ತಾನು ಮಾಡಿದ ಜರಡಿ ತಿಂಗಳಿಗೆ ಹರಿಯುವುದೆಂದರೇನು? ತಂತಿ ಮಾರುವವನ ಜೊತೆ ಜಗಳವಾಡಿ ಅವನನ್ನು ಬಿಟ್ಟ. ಬೇರೆ ಕಡೆಯಿಂದ ದಪ್ಪ ತಂತಿ ತರಿಸಿದ, ಅದೂ ಹರಿಯಿತು. ಕಣ್ಣು ಮಂಜಾಯಿತೇನೋ ಎಂದು ಹೊಸ ಕನ್ನಡಕ ಹಾಕಿಸಿಕೊಂಡ. ಊಟ ಸೇರದೆ, "ಕೈ ಹೋಯ್ತು ಕಣೇ, ನನ್ನ ಕೈ ಹೋಯ್ತು," ಎಂದು ಅತ್ತಿಗೆಯ ಮುಂದೆ ಗೋಳಾಡಿದ. ಅತ್ತಿಗೆ ತುಟಿ ಪಿಟಕ್ಕೆನ್ನಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು. ಬೇಕರಿಯವನು ಬರುವ ದಿನ ಸೊಸೆ ಎರಡು ಸಲ ಕನ್ನಡಿ ನೋಡಿಕೊಳ್ಳುವುದನ್ನು ಕಂಡಿದ್ದಳು.

ಸೊಸೆ ನನ್ನ ಹತ್ತಿರ ಬಾಯಿ ಬಿಟ್ಟದ್ದು ಒಂದು ಮಧ್ಯಾಹ್ನ. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರಗಳಿಗೆ ಅಂಚು ಹೊಲಿಯುತ್ತಿದ್ದೆ. ಬಂದವಳು ಗುಂಡಿಗಳ ಡಬ್ಬಿಯಲ್ಲಿ ಕೈಯಾಡಿಸುತ್ತ ಬಹಳ ಹೊತ್ತು ಕೂತಿದ್ದಳು.

"ಅತ್ತೆ, ಅವರು ಕೇಳಿದ್ರು," ಎಂದಳು. ತೀರಿಹೋದ ಗಂಡ ನನ್ನನ್ನು ಕರೆಯುತ್ತಿದ್ದ ಹಾಗೆಯೇ ಅವಳೂ ನನ್ನನ್ನು ಅತ್ತೆ ಎಂದೇ ಕರೆಯುವುದು.

"ಯಾರು? ಆ ಮೂಕ ಬಸವನಾ? ಬಾಯಿ ಬಿಟ್ಟು ಕೇಳಿದ್ನಾ?"

"ಹೂಂ. ಬ್ರೆಡ್ಡಿನ ಪೊಟ್ಟಣ ಕೊಡೋವಾಗ."

"ನೀನೇನಂದೆ?"

"ಆಗಲ್ಲ ಅಂದೆ."

"ಇಷ್ಟ ಇಲ್ವಾ?"

ಅವಳು ಒಂದು ಗುಂಡಿಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ, "ಇಷ್ಟ ಇದೆ ಅತ್ತೆ," ಎಂದಳು. "ಇನ್ನೊಂದು ಸಲ ಇಂಥದ್ದು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಆದ್ರೆ ನಾನು ಹೋದ್ರೆ ನಾಲ್ಕೇ ಜನ ಉಳೀತಾರೆ. ಮಾವನ ಹೆಸರು ಪುಸ್ತಕದಿಂದಾನೇ ಹೋಗಿಬಿಡುತ್ತೆ. ಮಗನೂ ಹೋದ, ಹೆಸರೂ ಹೋಯ್ತು ಅಂದ್ರೆ ಅವರು ಹೇಗೆ ತಡ್ಕೋತಾರೆ? ಅವರ ಹತ್ರ ಇರೋದೇ ಅದೊಂದು."

ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲಲ್ಲ, ಅಣ್ಣನ ಮೇಲೆ. ಊರಿಗೆಲ್ಲ ಐದು ಐದು ಎಂದು ಡಂಗುರ ಹೊಡೆದು ಈ ಹುಡುಗಿಯ ಕಾಲಿಗೆ ಹಗ್ಗ ಕಟ್ಟಿದ್ದನಲ್ಲ. ಆಗಲೇ ಎದ್ದು ಹೋಗಿ ಅವನ ಬೋಳು ತಲೆಗೆ ನಾಲ್ಕು ಮಾತು ಕುಟ್ಟುತ್ತಿದ್ದೆ. ಆದರೆ ಅವಳು ಯಂತ್ರದ ಮೇಲಿದ್ದ ನನ್ನ ಕೈ ಹಿಡಿದುಕೊಂಡು, ಮಾವನಿಗೆ ಹೇಳಬಾರದು ಎಂದು ಮಾತು ತೆಗೆದುಕೊಂಡಳು. ಕೊಟ್ಟ ಮಾತು, ಬಾಯಿಗೆ ಬೀಗ ಹಾಕಿಕೊಂಡೆ. ನಾನು ಬಾಯಿಗೆ ಬೀಗ ಹಾಕಿಕೊಳ್ಳುವುದು ಎಷ್ಟು ಕಷ್ಟ ಎಂದು ನನ್ನ ದರ್ಜಿಯನ್ನು ಕೇಳಿ.

ನಾನು ಹೇಳಬೇಕಾಗಿಯೂ ಬರಲಿಲ್ಲ. ಮುಂದಿನ ತಿಂಗಳು ಬೇಕರಿಯವನು ಮತ್ತೊಂದು ಹರಿದ ಜರಡಿ ತಂದಾಗ ನಾನು ಅಲ್ಲೇ ಇದ್ದೆ. ಅಣ್ಣ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ, ಹೊಸ ಕನ್ನಡಕ ಸರಿಮಾಡಿಕೊಂಡು ನೋಡಿದ. ತಿರುಗಿಸಿ ನೋಡಿದ. ಹರಿದ ಜಾಗದಲ್ಲಿ ತಂತಿಯ ತುದಿಗಳ ಮೇಲೆ ಬೆರಳಾಡಿಸಿದ. ತುದಿಗಳೆಲ್ಲ ಮೇಲಕ್ಕೆ ಬಾಗಿದ್ದವು.

"ಏನಪ್ಪಾ," ಎಂದ ಅಣ್ಣ ನಿಧಾನವಾಗಿ, "ನಿಮ್ಮ ಬೇಕರೀಲಿ ಹಿಟ್ಟು ಕೆಳಗಿಂದ ಮೇಲಕ್ಕೆ ಬೀಳುತ್ತಾ?"

ಬೇಕರಿಯವನು ಸ್ಟೂಲಿನಿಂದ ಎದ್ದು ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ಜೇಬು ಮುಟ್ಟಿ ನೋಡಿಕೊಂಡ. ಜೇಬಿನಿಂದ ಒಂದು ಸ್ಕ್ರೂಡ್ರೈವರಿನ ಹಿಡಿ ಇಣುಕುತ್ತಿತ್ತು.

"ಆರು ತಿಂಗಳಿಂದ ನನ್ನ ಕೈ ಹೋಯ್ತು ಅಂತ ಕೊರಗಿ ಕೊರಗಿ ಸಾಯ್ತಿದೀನಿ," ಅಣ್ಣನ ದನಿ ಏರಿತು. "ತಂತಿಯವನನ್ನ ಕಳ್ಳ ಅಂದೆ. ಕನ್ನಡಕ ಹಾಕ್ಕೊಂಡೆ. ನೀನು ಕೆಳಗಿಂದ ಚುಚ್ಕೊಂಡು ಬರ್ತಿದ್ಯಾ? ಯಾಕೋ? ನಾನೇನು ಮಾಡಿದ್ದೆ ನಿಂಗೆ?"

ಬೇಕರಿಯವನ ಕಣ್ಣು ಒಂದೇ ಒಂದು ಸಲ ಸೊಸೆಯ ಕಡೆ ಹೋಗಿ ನೆಲಕ್ಕೆ ಬಿತ್ತು. ಸೊಸೆ ಬಲೆಯ ಸುರುಳಿಯನ್ನು ಎದೆಗವಚಿಕೊಂಡು ನಿಂತಿದ್ದಳು, ಮುಖ ಕೆಂಪು. ಅಣ್ಣ ಅವನನ್ನು ನೋಡಿದ, ಅವಳನ್ನು ನೋಡಿದ, ನನ್ನನ್ನು ನೋಡಿದ, ಒಳಬಾಗಿಲಲ್ಲಿ ನಿಂತ ಅತ್ತಿಗೆಯನ್ನು ನೋಡಿದ. ನಾವ್ಯಾರೂ ಆಶ್ಚರ್ಯಪಡಲಿಲ್ಲ ಎಂಬುದೇ ಅವನಿಗೆ ಸಾಕಾಯಿತು. ಬೆಂಚಿನ ಮೇಲೆ ಕೂತುಬಿಟ್ಟ.

"ಇನ್ಮೇಲೆ ಜರಡಿ ಹರೀಬೇಡ," ಎಂದ. "ಬರ್ಬೇಕು ಅನ್ಸಿದ್ರೆ ಹಾಗೇ ಬಾ."

ಅವನು ಹೋದ ಮೇಲೆ ಸೊಸೆ ಎಲ್ಲವನ್ನೂ ಹೇಳಿದಳು. ಅವನು ಕೇಳಿದ್ದು, ತಾನು ಆಗಲ್ಲ ಎಂದದ್ದು, ಯಾಕೆ ಎಂದು. ಐದು ಎಂಬ ಮಾತು ಅವಳ ಬಾಯಿಂದ ಬಂದಾಗ ಅಣ್ಣನ ಮುಖ ನೋಡಬೇಕಿತ್ತು. "ಅಯ್ಯೋ, ನಾನು ಅಂದಿದ್ದು ಜಂಬಕ್ಕಮ್ಮಾ," ಎಂದ. "ಬರೀ ಜಂಬಕ್ಕೆ. ನೀನು ಅದನ್ನ ಹೊತ್ಕೊಂಡು ಓಡಾಡ್ತಿದ್ಯಾ?" ಅವನ ಕಣ್ಣಲ್ಲಿ ನೀರು ನಿಂತಿತು. ಅದುವರೆಗೆ ಬೈಯಬೇಕೆಂದು ನಾನು ಕೂಡಿಟ್ಟಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ.

ಅಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಸೊಸೆ ಒಂದು ದಾರಿ ಹುಡುಕಿಕೊಂಡು ಬಂದಳು. "ಮಾವ, ಎಣಿಕೆಗೆ ಇನ್ನು ಎಂಟು ತಿಂಗಳಿದೆ. ಅದು ಮುಗಿದ ಮೇಲೆ ಮದುವೆ ಮಾಡ್ಕೋತೀವಿ. ಅವರೂ ಕಾಯ್ತೀನಿ ಅಂದಿದಾರೆ. ಆಗ ಹೊಸ ಪುಸ್ತಕದಲ್ಲಿ ಐದು ಅಂತಾನೇ ಬರುತ್ತೆ. ಇನ್ನು ಹತ್ತು ವರ್ಷ ಆ ಹೆಸರು ಅಲ್ಲಿರುತ್ತೆ."

ನಾನು ಅಣ್ಣನ ಬೆನ್ನಿಗೆ ಬಿದ್ದವಳು, ಅವನ ಮುಖ ನನಗೆ ಓದಲು ಬರುತ್ತದೆ. ಆಸೆಯಾಯಿತು ಅವನಿಗೆ. ತಪ್ಪೇನಿದೆ? ಯಾರಿಗೂ ನಷ್ಟವಿಲ್ಲ, ಎಂಟೇ ತಿಂಗಳು. ಎಪ್ಪತ್ತು ದಾಟಿದವನಿಗೆ ಇನ್ನು ಹತ್ತು ವರ್ಷ ಎಂದರೆ ತನ್ನ ಆಯುಷ್ಯ ಪೂರ್ತಿ ಎಂದ ಹಾಗೆ. ಕಣ್ಣು ಮುಚ್ಚುವವರೆಗೂ ಆ ಸಾಲು ಅಚ್ಚಿನಲ್ಲಿ ಇರುತ್ತದೆ. ಆ ದಿನ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ನೋಡೋಣ," ಎಂದ. ಮರುದಿನವೂ ಅದೇ. ಲೈಬ್ರರಿಯ ಕಡೆ ಒಂದು ಸುತ್ತು ಹಾಕಿ ಬಂದ ಎಂದು ಅತ್ತಿಗೆ ಹೇಳಿದಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಅವನ ಹೆಸರು, ಅವನ ಸೊಸೆ, ಅವನೇ ತೀರ್ಮಾನ ಮಾಡಲಿ ಎಂದುಕೊಂಡೆ.

ಆ ವಾರದ ಕೊನೆಗೆ ಒಂದು ಬೆಳಿಗ್ಗೆ ಹೋದೆ. ಮಾವ ಸೊಸೆ ಇಬ್ಬರೂ ಕೆಲಸದಲ್ಲಿದ್ದರು. ಅವಳು ಬಲೆ ಎಳೆದು ಹಿಡಿದಿದ್ದಳು, ಅವನು ಮೇಲಿನ ಪಟ್ಟಿಯನ್ನು ಒತ್ತುತ್ತಿದ್ದ. ತಲೆ ಎತ್ತದೆಯೇ ಅಣ್ಣ ಕೇಳಿದ:

"ಅವನು ನಿನ್ನನ್ನ ಸಮುದ್ರ ನೋಡೋಕೆ ಕರ್ಕೊಂಡು ಹೋಗ್ತೀನಿ ಅಂದಿದ್ದ, ಅಲ್ವೇನಮ್ಮಾ?"

ಅವನು ಎಂದರೆ ಮಗ. ಸೊಸೆ "ಹೂಂ ಮಾವ," ಎಂದಳು.

"ಯಾವಾಗ ಅಂದಿದ್ದ?"

"ಮುಂದಿನ ವರ್ಷ ಅಂದಿದ್ರು."

"ಪ್ರತಿ ವರ್ಷಾನೂ ಅವನು ಮುಂದಿನ ವರ್ಷ ಅಂತಿದ್ದ. ಯಾಕೆ ಗೊತ್ತಾ? ಕೆಲಸ ಇದೆ, ಎಳೆಯೋಕೆ ಕೈ ಬೇಕು, ಈ ವರ್ಷ ಇರ್ಲಿ ಬಿಡು ಅಂತ ನಾನೇ ಹೇಳ್ತಿದ್ದೆ. ಅವನು ಸಮುದ್ರ ನೋಡ್ಲೇ ಇಲ್ಲ." ಅವನ ಕೈ ಪಟ್ಟಿಯ ಮೇಲೆಯೇ ಇತ್ತು. "ಎಂಟು ತಿಂಗಳಂತೆ! ಎಂಟು ತಿಂಗಳು ಯಾರಪ್ಪನ ಮನೆ ಗಂಟು? ಬರೋ ತಿಂಗಳೇ ಮದುವೆ ಮಾಡ್ಕೊಳ್ಳಿ. ಮದುವೆ ಆಗಿ ಮೊದ್ಲು ಸಮುದ್ರ ನೋಡ್ಕೊಂಡು ಬನ್ನಿ."

"ಮತ್ತೆ ಹೆಸರು ಮಾವ?" ಎಂದಳು ಅವಳು. ಅಳು ಬಂದಿತ್ತು, ಬಲೆ ಮಾತ್ರ ಸಡಿಲ ಬಿಟ್ಟಿರಲಿಲ್ಲ.

"ಹೋದ್ರೆ ಹೋಗ್ಲಿ. ಜರಡೀಲಿ ಮೇಲೆ ಉಳಿಯೋದು ತೌಡು ಕಣಮ್ಮ. ಹಿಟ್ಟು ಕೆಳಗೇ ಬೀಳೋದು."

ಅಷ್ಟು ವರ್ಷದ ಕಸುಬಿನಲ್ಲಿ ನಮ್ಮಣ್ಣ ಆಡಿದ ಜಾಣಮಾತು ಅದೊಂದೇ ಇರಬೇಕು. ಆದರೆ ಆಡುವ ಭರದಲ್ಲಿ ಪಟ್ಟಿಯನ್ನು ವಾರೆಯಾಗಿ ಕೂರಿಸಿಬಿಟ್ಟಿದ್ದ. ಆ ಜರಡಿಯನ್ನು ಪೂರ್ತಿ ಬಿಚ್ಚಿ ಮತ್ತೆ ಮಾಡಬೇಕಾಯಿತು.

ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಹುಡುಗಿಯ ಕಡೆಯ ಹಿರಿಯ ಎಂದು ಅಣ್ಣನೇ ಸಹಿ ಹಾಕಿದ. ಸೊಸೆ ಹೊಸ ಹೆಸರು ಬರೆಯಬೇಕಾಗಿ ಬಂದಾಗ ಪೆನ್ನು ಕಾಗದದ ಮೇಲೆ ಊರಿ 'ಜ' ಎಂದು ಅರ್ಧ ಬರೆದವಳು ನಿಂತಳು. ಅಭ್ಯಾಸಬಲ. ಗುಮಾಸ್ತ ಗೊಣಗುತ್ತ ಇನ್ನೊಂದು ಕಾಗದ ಕೊಟ್ಟ. ಅಣ್ಣ ಕಿಟಕಿಯ ಕಡೆ ತಿರುಗಿ, ಅಲ್ಲಿ ಏನೂ ಇಲ್ಲದಿದ್ದರೂ ಬಹಳ ಹೊತ್ತು ನೋಡುತ್ತ ನಿಂತಿದ್ದ. ಸಮುದ್ರದಿಂದ ಬಂದ ಮೇಲೆ ಅವಳು ಮತ್ತೆ ಕೆಲಸಕ್ಕೆ ಬರತೊಡಗಿದಳು. ಬೆಳಗಿನ ಬ್ರೆಡ್ಡಿನ ಗದ್ದಲ ಮುಗಿಸಿ, ಹುಬ್ಬಿನ ಮೇಲೆ ಈಗ ಅವಳಿಗೂ ಹಿಟ್ಟು ಮೆತ್ತಿಕೊಂಡು ಬಂದು, ಬೆಂಚಿನ ಎದುರಿಗೆ ನಿಲ್ಲುತ್ತಿದ್ದಳು.

ಎಣಿಕೆಯವಳು ಬಂದ ದಿನವೂ ಅವಳು ಅಲ್ಲೇ ಇದ್ದಳು. ಹೆಗಲಿಗೆ ಚೀಲ ಹಾಕಿಕೊಂಡ ಚಿಕ್ಕ ವಯಸ್ಸಿನ ಹುಡುಗಿ. "ಮನೇಲಿ ಎಷ್ಟು ಜನ ಇದೀರಿ ತಾತಾ?" ಎಂದು ಕೇಳಿದಳು.

"ಇಬ್ರು."

"ಮತ್ತೆ ಇವರು?"

"ನಮ್ಮ ಮಗಳು. ಆದ್ರೆ ಇವಳನ್ನ ಅವರ ಮನೇಲಿ ಎಣಿಸ್ಕೊಳ್ಳಿ. ಮರೀಬೇಡಿ ಮತ್ತೆ, ಎರಡು ಬೀದಿ ಆಚೆ, ಬೇಕರಿ."

ಆ ಹುಡುಗಿ ಹೋದ ಮೇಲೆ ಬಾಗಿಲವರೆಗೆ ಹೋಗಿ ಅವಳು ಸರಿಯಾದ ಕಡೆಗೇ ತಿರುಗಿದಳೇ ಎಂದು ನೋಡಿ ಬಂದ.

ಪುಸ್ತಕ ಬರಲು ಒಂದು ವರ್ಷ ಹಿಡಿಯಿತು. ಬಂದ ಸುದ್ದಿ ತಿಳಿದರೂ ಅಣ್ಣ ನಾಲ್ಕು ದಿನ ಅತ್ತ ಸುಳಿಯಲಿಲ್ಲ. ಐದನೇ ದಿನ ನಮ್ಮ ಮನೆಗೆ ಬಂದು, "ಸುಮ್ನೆ ಬಾರೇ, ಲೈಬ್ರರಿಗೆ ಹೋಗಿ ಬರೋಣ," ಎಂದ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲ ಎಂದು ಹೇಳಿಕೊಳ್ಳುವವನಲ್ಲ. ನಾನೂ ಕೇಳಲಿಲ್ಲ. ಹೊಲಿಯುತ್ತಿದ್ದದ್ದನ್ನು ಹಾಗೇ ಬಿಟ್ಟು ಎದ್ದೆ.

ಲೈಬ್ರರಿಯವಳು ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಪುಟ ಯಾವುದೆಂದು ಅಣ್ಣನಿಗೆ ಹುಡುಕಬೇಕಾಗಿಯೇ ಇರಲಿಲ್ಲ. ಬೆರಳು ಕೆಳಗಿಳಿಯುತ್ತ ಬಂದು ನಿಂತಿತು. ನಮಗಿಂತ ಮೇಲಿದ್ದ ಹೆಸರು, ನಮಗಿಂತ ಕೆಳಗಿದ್ದ ಹೆಸರು ಎರಡೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ನಡುವಿನಿಂದ ಯಾರೋ ಎದ್ದುಹೋಗಿದ್ದಾರೆ ಎಂಬ ಗುರುತೂ ಇರಲಿಲ್ಲ.

"ಅಲ್ಲಮ್ಮಾ, ಐದಕ್ಕಿಂತ ಕಡಿಮೆ ಇರೋರನ್ನ ನೀವು ಎಲ್ಲಿ ಬಿಸಾಕ್ತೀರಿ?" ಎಂದು ಲೈಬ್ರರಿಯವಳನ್ನು ಕೇಳಿದ, ಪುಸ್ತಕ ಅವಳೇ ಬರೆದವಳೇನೋ ಎಂಬಂತೆ.

ಅವಳು ಕೊನೆಯ ಪುಟ ತೆಗೆದು ತೋರಿಸಿದಳು. ಕಟ್ಟಕಡೆಯಲ್ಲಿ 'ಇತರೆ' ಎಂಬ ಒಂದು ಸಾಲು, ಅದರ ಮುಂದೆ ನಲವತ್ತೊಂದು ಸಾವಿರ ಚಿಲ್ಲರೆ.

ಅಣ್ಣ ಆ ಸಂಖ್ಯೆಯನ್ನು ಎರಡು ಸಲ ಓದಿದ. ಆಮೇಲೆ ನನ್ನನ್ನು ಮೊಣಕೈಯಿಂದ ತಿವಿದು, "ನೋಡ್ದೇನೇ," ಎಂದ. "ಐದು ಜನ ಇದ್ವಿ, ಈಗ ನಲವತ್ತೊಂದು ಸಾವಿರ ಆಗಿದೀವಿ. ಇಷ್ಟು ದೊಡ್ಡ ಮನೆತನ ಯಾರಿಗಿದೆ?" ನಾನು ನಕ್ಕೆ. ಅವನೂ ನಕ್ಕ, ಆದರೆ ಅವನ ನಗೆ ಅರ್ಧಕ್ಕೇ ನಿಂತುಹೋಯಿತು. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಎಷ್ಟು ವರ್ಷವಾಗಿತ್ತೋ ಹಾಗೆ ಕೈಯಿಟ್ಟು.

ಇನ್ನು ಏಳೋಣ ಎಂದು ನಾನು ಚೀಲ ಎತ್ತಿಕೊಂಡೆ. ಅಣ್ಣ ಏಳಲಿಲ್ಲ. ಮತ್ತೆ ಪುಟ ತಿರುವತೊಡಗಿದ. ನಮ್ಮ ಹೆಸರಿನ ಪುಟ ದಾಟಿತು, ಇನ್ನೂ ಹಿಂದಕ್ಕೆ ಹೋದ. ಬೆರಳು ಒಂದೊಂದೇ ಸಾಲು ಇಳಿದು ಒಂದು ಹೆಸರಿನ ಮೇಲೆ ನಿಂತಿತು. ಬೇಕರಿಯವನ ಮನೆತನದ ಹೆಸರು, ಎಂಟುನೂರ ಹನ್ನೆರಡು ಮಂದಿ. ಅಂಥ ಅಪರೂಪವೂ ಅಲ್ಲ, ಹೆಚ್ಚೂ ಅಲ್ಲ. ಆ ಸಂಖ್ಯೆಯ ಮೇಲೆ ಬೆರಳಿಟ್ಟುಕೊಂಡು, ಜರಡಿಯನ್ನು ಬೆಳಕಿಗೆ ಹಿಡಿದಾಗ ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡುತ್ತ ಕೂತ.

ಮುಚ್ಚುವ ಹೊತ್ತಾಗಿತ್ತು. ಲೈಬ್ರರಿಯವಳು ಬಂದು, "ಆಯ್ತಾ ತಾತಾ? ಪುಸ್ತಕ ಎತ್ತಿಡ್ಲಾ?" ಎಂದು ಕೈ ಚಾಚಿದಳು.

"ಸ್ವಲ್ಪ ತಡಿಯಮ್ಮಾ," ಎಂದ ಅಣ್ಣ, ಬೆರಳು ತೆಗೆಯದೆ. "ನಮ್ಮ ಹುಡುಗಿ ಇಲ್ಲಿದಾಳೆ."